ತಣ್ಣೀರಿನ ಡೈವಿಂಗಿಗೆ ಬದಲಿಸಬಹುದಾದ ಡ್ರೈಸೂಟ್ ಸೀಲುಗಳು: ಕತ್ತಿಗೆ ಯಾವುದು, ಮಣಿಕಟ್ಟಿಗೆ ಯಾವುದು?

ನೇತ್ರಾಣಿಯಿಂದ ಹೊರಟವ

ಎಲ್ಲರಿಗೂ ನಮಸ್ಕಾರ. ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತಲಿನ ನೀರಿನಲ್ಲಿ. ತೆಳುವಾದ ವೆಟ್‌ಸೂಟ್ ಒಂದಿದ್ದರೆ ಅಲ್ಲಿ ಚಳಿಯ ಮಾತೇ ಬರುವುದಿಲ್ಲ. ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದ ಮೇಲೆ ಲೆಸ್ಟರ್‌ಶೈರಿನ ಸ್ಟೋನಿ ಕೋವ್‌ನಲ್ಲಿ, ಅಂದರೆ ನೀರು ತುಂಬಿ ಕೆರೆಯಾಗಿರುವ ಹಳೆಯ ಕಲ್ಲುಗಣಿಯಲ್ಲಿ, ಡ್ರೈಸೂಟ್ (ಕತ್ತು ಮತ್ತು ಮಣಿಕಟ್ಟಿಗೆ ಬಿಗಿಯಾಗಿ ಕೂರುವ ಸೀಲು ಎಂಬ ಪಟ್ಟಿಗಳಿಂದ ನೀರನ್ನು ಹೊರಗಿಡುವ ಉಡುಪು) ಧರಿಸಿ ಮುಳುಗುವುದನ್ನು ಹೊಸದಾಗಿ ಕಲಿಯಬೇಕಾಯಿತು.

ಕಳೆದ ಮೇ ತಿಂಗಳಿನಲ್ಲಿ ಸ್ಕಾಟ್ಲೆಂಡಿನ ಒರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಎಂಬ ಕಡಲಿಗೆ ಹೋಗಿದ್ದೆ. ಜರ್ಮನ್ ನೌಕಾಪಡೆ 1919ರ ಜೂನ್ 21ರಂದು ತನ್ನ ಕೈಯಾರೆ ಮುಳುಗಿಸಿದ ಹಡಗುಗಳಲ್ಲಿ ಮೇಲೆತ್ತದೆ ಉಳಿದ ಮೂರು ದೊಡ್ಡ ಯುದ್ಧನೌಕೆಗಳೂ ನಾಲ್ಕು ಲಘು ಕ್ರೂಸರುಗಳೂ ಅಲ್ಲಿ ಇಂದಿಗೂ ತಳದಲ್ಲಿವೆ. ನಾನು ವರ್ಷಗಳಿಂದ ಕಾಣಬೇಕೆಂದುಕೊಂಡಿದ್ದ ಮಾರ್ಕ್‌ಗ್ರಾಫ್ ನೌಕೆಗೆ ಇಳಿಯುವ ದಿನ ಬೆಳಿಗ್ಗೆ, ದೋಣಿಯ ಮೇಲೆ ಸೂಟನ್ನು ತಲೆಯ ಮೂಲಕ ಎಳೆದುಕೊಳ್ಳುತ್ತಿದ್ದಾಗ, ಕತ್ತಿನ ಲೇಟೆಕ್ಸ್ ಸೀಲು ಅಂಚಿನಿಂದ ಬುಡದವರೆಗೆ ಸೀಳಿಹೋಯಿತು. ಆ ಸೀಲು ಸೂಟಿಗೆ ಅಂಟಿನಿಂದ ಕೂರಿಸಿದ್ದು. ಹೊಸದನ್ನು ಅಂಟಿಸಿ ಒಣಗಿಸಲು ಕಡಿಮೆಯೆಂದರೂ ಒಂದು ರಾತ್ರಿ ಬೇಕು. ಒದ್ದೆ ದೋಣಿಯ ಮೇಲೆ ಅದು ಆಗುವ ಕೆಲಸವೂ ಅಲ್ಲ. ಉಳಿದ ದಿನಗಳನ್ನು ಗೆಳೆಯರ ಸಿಲಿಂಡರುಗಳನ್ನು ಎತ್ತಿಕೊಡುತ್ತ ಕಳೆದೆ.

ಈಗ ಸೂಟಿಗೆ ಬದಲಿಸಬಹುದಾದ ಸೀಲುಗಳ ವ್ಯವಸ್ಥೆಯನ್ನು ಹಾಕಿಸಬೇಕೆಂದು ನಿರ್ಧರಿಸಿದ್ದೇನೆ. ನನ್ನ ಸೂಟು ಮೂರು ಪದರದ ಬಟ್ಟೆಯದು. ಕತ್ತು ಮತ್ತು ಮಣಿಕಟ್ಟು ಎರಡಕ್ಕೂ ಒಟ್ಟಿಗೇ ಸೀಲನ್ನು ಹಿಡಿದಿಡುವ ರಿಂಗ್ ಹಾಕಿಸಬೇಕೇ? ಹಾಕಿಸಿದ ಮೇಲೆ ಸಿಲಿಕೋನ್ ಸೀಲು ಒಳ್ಳೆಯದೋ ಲೇಟೆಕ್ಸ್ ಒಳ್ಳೆಯದೋ? ಬಲ್ಲವರು ದಯವಿಟ್ಟು ತಿಳಿಸಿ.

ಟೊಬರ್‌ಮರಿ ದಾರಿ

ನಿಮ್ಮ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನಿರುವುದು ಟೊರೊಂಟೊದಲ್ಲಿ, ಹ್ಯೂರನ್ ಸರೋವರದ ಟೊಬರ್‌ಮರಿಯ ಹಡಗುಗಳ ಬಳಿ ಹನ್ನೊಂದು ವರ್ಷಗಳಿಂದ ಮುಳುಗುತ್ತಿದ್ದೇನೆ. ಅಲ್ಲಿ ಬೇಸಿಗೆಯಲ್ಲಿ ಮೇಲಿನ ನೀರು ಹಿತವಾಗಿದ್ದರೂ ಆಳದಲ್ಲಿ ನಾಲ್ಕು ಡಿಗ್ರಿಯ ಆಸುಪಾಸಿನ ನೀರೇ ಸಿಗುತ್ತದೆ.

ಕತ್ತು ಮತ್ತು ಮಣಿಕಟ್ಟನ್ನು ಒಂದೇ ಪ್ರಶ್ನೆಯಾಗಿ ನೋಡಬೇಡಿ ಎಂಬುದೇ ನನ್ನ ಮೊದಲ ಮಾತು. ಕತ್ತಿನ ಸೀಲು ಹರಿದರೆ ಆ ದಿನದ ಡೈವ್ ಮುಗಿದಂತೆಯೇ. ಹಾಗಾಗಿ ಅಲ್ಲಿ ಬದಲಿಸುವ ವ್ಯವಸ್ಥೆ ಬೇಕೇ ಬೇಕು. ಮಣಿಕಟ್ಟಿನ ಪ್ರಶ್ನೆ ಮಾತ್ರ ನೀವು ಯಾವ ಕೈಗವಸು ಹಾಕುತ್ತೀರಿ ಎಂಬುದನ್ನು ಅವಲಂಬಿಸಿದೆ. ಒಳಗೆ ನೀರು ಬರುವ ಒದ್ದೆ ನಿಯೋಪ್ರೀನ್ (ಸ್ಪಂಜಿನಂಥ ಕೃತಕ ರಬ್ಬರ್) ಕೈಗವಸೇ ಸಾಕೆನ್ನುವವರಿಗೆ ಅಲ್ಲಿ ಗಟ್ಟಿ ರಿಂಗಿನಿಂದ ಹೆಚ್ಚು ಲಾಭವಿಲ್ಲ. ಅಂಟಿಸಿದ ಲೇಟೆಕ್ಸ್ ಸೀಲೇ ನಡೆಯುತ್ತದೆ. ರಿಂಗಿಗೆ ಸೇರಿಸಿ ನೀರು ಒಳಬರದಂತೆ ತೊಡುವ ಒಣ ಕೈಗವಸು ಬೇಕೆಂದಾದರೆ ರಿಂಗ್ ಹೇಗೂ ಬರುತ್ತದೆ, ಅದರೊಂದಿಗೆ ಬದಲಿಸುವ ಸೀಲೂ ಬರಲಿ. ಮೊದಲು ಕೈಗವಸನ್ನು ಆರಿಸಿ, ಆಮೇಲೆ ರಿಂಗನ್ನು ಆರಿಸಿ. ಬಹಳ ಜನ ಇದನ್ನು ಹಿಂದುಮುಂದಾಗಿ ಮಾಡಿ ಎರಡು ಸಲ ದುಡ್ಡು ಕೊಡುತ್ತಾರೆ.

ಮಾರುಕಟ್ಟೆಯಲ್ಲಿ ಎರಡು ಬಗೆಯ ವ್ಯವಸ್ಥೆಗಳು ಮುಖ್ಯವಾಗಿ ಕಾಣುತ್ತವೆ. ಸ್ವೀಡನ್ನಿನ ಎಸ್‌ಐ ಟೆಕ್ ಕಂಪನಿಯ ಕ್ವಿಕ್ ನೆಕ್, ಕ್ವಿಕ್ ಕಫ್ ಮೊದಲಾದವು ಒಂದು ಬಗೆ. ಇಲ್ಲಿ ಸೂಟಿಗೆ ಒಂದು ಹೊರ ರಿಂಗನ್ನು ಶಾಶ್ವತವಾಗಿ ಅಂಟಿಸಿರುತ್ತಾರೆ; ಸೀಲಿನ ದಪ್ಪ ಅಂಚನ್ನು ಅದರ ಒಳಗೆ ಕೂರಿಸಿ ಗಟ್ಟಿ ಒಳ ರಿಂಗಿನಿಂದ ಬಿಗಿಯಲಾಗುತ್ತದೆ. ಅಮೆರಿಕದ ಡಿಯುಐ ಕಂಪನಿಯ ಜಿಪ್‌ಸೀಲ್ ಇನ್ನೊಂದು ಬಗೆ. ಅದರಲ್ಲಿ ಗಟ್ಟಿ ರಿಂಗ್ ಇಲ್ಲ. ಸೂಟಿನ ಕಡೆಯ ಏಣು ಮತ್ತು ಸೀಲಿನ ಕಡೆಯ ತೋಡು ಒಂದರೊಳಗೊಂದು ಒತ್ತಿ ಕೂರುತ್ತವೆ. ಮೈಗೆ ಮೃದುವಾಗಿರುವುದು ಇದರ ಗುಣ. ಆದರೆ ಇದಕ್ಕೆ ಆ ಕಂಪನಿಯ ಸೀಲುಗಳೇ ಆಗಬೇಕು. ಮೊದಲ ಬಗೆಯನ್ನು ಹಲವು ಕಂಪನಿಗಳ ಸೂಟುಗಳಲ್ಲಿ ಹಾಕಿಕೊಡುವುದರಿಂದ, ಸೀಲು ಹರಿದ ದಿನ ಪಕ್ಕದ ಡೈವರ್‌ನ ಚೀಲದಲ್ಲೇ ನಿಮಗೆ ಹೊಂದುವ ಸೀಲು ಸಿಗುವ ಸಾಧ್ಯತೆ ಹೆಚ್ಚು. ನೀವು ಯುರೋಪಿನಲ್ಲಿರುವುದರಿಂದ ಈ ಒಂದೇ ಕಾರಣಕ್ಕೆ ನಾನು ಮೊದಲನೆಯದನ್ನು ಸೂಚಿಸುತ್ತೇನೆ.

ಸುಳ್ಯದ ರಬ್ಬರ್ ತೋಟ

ಲೇಟೆಕ್ಸ್ ಮತ್ತು ಸಿಲಿಕೋನ್ ಕುರಿತು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮದು ಸುಳ್ಯ ತಾಲೂಕಿನಲ್ಲಿ ರಬ್ಬರ್ ಬೆಳೆಯುವ ಮನೆ. ಈಗ ನಾರ್ವೆಯಲ್ಲಿ ಪಾಲಿಮರ್ ಕ್ಷೇತ್ರದಲ್ಲಿ ದುಡಿಯುತ್ತಿದ್ದೇನೆ, ವಾರಾಂತ್ಯಗಳಲ್ಲಿ ಫ್ಯೋರ್ಡ್‌ಗಳಲ್ಲಿ ಮುಳುಗುತ್ತೇನೆ. ಕರಟದಲ್ಲಿ ಹಾಲು ಹಿಡಿದು, ಆಮ್ಲ ಹಾಕಿ ಹೆಪ್ಪುಗಟ್ಟಿಸಿ, ಶೀಟು ಒತ್ತಿ ಹೊಗೆಗೂಡಿನಲ್ಲಿ ಒಣಗಿಸುವುದನ್ನು ನೋಡುತ್ತ ಬೆಳೆದವನಿಗೆ ಕತ್ತಿನ ಸೀಲು ಅಪರಿಚಿತ ವಸ್ತುವೆಂದು ಅನ್ನಿಸುವುದಿಲ್ಲ. ಅದು ಅದೇ ಹಾಲಿನಿಂದಾದದ್ದು.

ಸಹಜ ರಬ್ಬರಿನ ಅಣುಸರಪಳಿಯ ಉದ್ದಕ್ಕೂ ಜೋಡಿ ಬಂಧಗಳಿರುತ್ತವೆ. ಗಾಳಿಯಲ್ಲಿರುವ ಓಝೋನ್ ಆ ಬಂಧಗಳನ್ನೇ ಕತ್ತರಿಸುತ್ತದೆ. ರಬ್ಬರನ್ನು ಎಳೆದು ಹಿಗ್ಗಿಸಿಟ್ಟಾಗ ಈ ಕತ್ತರಿಕೆ ಬಿರುಕಾಗಿ ಬೆಳೆಯುತ್ತದೆ. ಮಡಚಿಟ್ಟ ಸೀಲಿನ ಮಡಿಕೆಯಲ್ಲೇ ಮೊದಲು ಸೀಳು ಕಾಣುವುದು ಈ ಕಾರಣಕ್ಕೆ. ಕೆಲವು ವಿದ್ಯುತ್ ಮೋಟಾರುಗಳು ಓಡುವಾಗ ಕಿಡಿಯಿಂದ ಓಝೋನ್ ಹುಟ್ಟುವುದರಿಂದ, ಗ್ಯಾರೇಜಿನಲ್ಲಿ ಅಂಥ ಮೋಟಾರಿನ ಪಕ್ಕ ಸೂಟನ್ನು ತೂಗುಹಾಕುವವರು ಸೀಲಿನ ಆಯುಷ್ಯವನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತಾರೆ. ಬಿಸಿಲು, ಬೆವರಿನ ಎಣ್ಣೆಯಂಶ, ಸನ್‌ಸ್ಕ್ರೀನ್, ಪೆಟ್ರೋಲಿಯಂ ಜೆಲ್ಲಿ ಎಲ್ಲವೂ ಇದಕ್ಕೆ ಶತ್ರುಗಳೇ. ತಾಮ್ರವೂ ಹಾಗೆಯೇ: ತಾಮ್ರ ಮತ್ತು ಮ್ಯಾಂಗನೀಸಿನ ಅಲ್ಪ ಅಂಶವೂ ರಬ್ಬರಿನ ಉತ್ಕರ್ಷಣವನ್ನು ಚುರುಕುಗೊಳಿಸುತ್ತದೆ. ತಾಮ್ರದ ಬಳೆ ಧರಿಸುವವರು ಡೈವಿಗೆ ಮೊದಲು ಅದನ್ನು ತೆಗೆದಿಡಲಿ. ಇಷ್ಟೆಲ್ಲ ಜೋಪಾನ ಮಾಡಿದರೂ ಲೇಟೆಕ್ಸ್ ಕೆಲವೇ ವರ್ಷಗಳ ವಸ್ತು. ಮುಟ್ಟಿದಾಗ ಅಂಟಂಟಾದರೆ ಅಥವಾ ಹಿಗ್ಗಿಸಿ ಬೆಳಕಿಗೆ ಹಿಡಿದಾಗ ಮೇಲ್ಮೈಯಲ್ಲಿ ನವಿರಾದ ಬಿರುಕು ಕಂಡರೆ ಅದರ ಕಾಲ ಮುಗಿಯಿತೆಂದು ತಿಳಿಯಬೇಕು.

ಸಿಲಿಕೋನಿನ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿ. ಅಲ್ಲಿ ಓಝೋನಿಗೆ ಕತ್ತರಿಸಲು ಆ ಜೋಡಿ ಬಂಧಗಳಿಲ್ಲ. ಬಿಸಿಲಿಗೂ ಅದು ಸುಲಭವಾಗಿ ಸೋಲುವುದಿಲ್ಲ. ಹೀಗೆಂದು ಅದನ್ನು ಅಮರ ವಸ್ತುವೆಂದು ತಿಳಿಯಬಾರದು. ಲೇಟೆಕ್ಸನ್ನು ಎಳೆದರೆ ಅದರ ಅಣುಗಳು ಸಾಲಾಗಿ ನಿಂತು ಹರಿಯುವುದನ್ನು ತಡೆಯುತ್ತವೆ. ಸಿಲಿಕೋನಿಗೆ ಆ ಶಕ್ತಿ ಕಡಿಮೆ. ಅಂಚಿನಲ್ಲಿ ಉಗುರು ತಾಗಿ ಒಂದು ಕಚ್ಚು ಬಿದ್ದರೆ, ಮುಂದಿನ ಸಲ ಎಳೆದಾಗ ಆ ಕಚ್ಚು ಸರ್ರನೆ ಓಡಿಬಿಡುತ್ತದೆ.

ಅಂಟಿನ ವಿಷಯವೂ ಇಲ್ಲಿ ಬಹಳ ಮುಖ್ಯ. ಸೂಟಿಗೆ ಬಳಸುವ ಸಾಮಾನ್ಯ ಅಂಟುಗಳು ಸಿಲಿಕೋನನ್ನು ಹಿಡಿಯುವುದಿಲ್ಲ. ಆದ್ದರಿಂದ ಸಿಲಿಕೋನ್ ಸೀಲು ಬೇಕೆಂದರೆ ರಿಂಗ್ ಅಥವಾ ಏಣು-ತೋಡಿನ ವ್ಯವಸ್ಥೆ ಅನಿವಾರ್ಯ. ಇದೇ ಗುಣ ಇನ್ನೊಂದು ರೀತಿಯಲ್ಲಿ ಕಾಡುತ್ತದೆ: ಲೇಟೆಕ್ಸ್ ಸೀಲು ಸುಲಭವಾಗಿ ಜಾರಲೆಂದು ಸಿಲಿಕೋನ್ ಸ್ಪ್ರೇ ಹೊಡೆದರೆ, ಆ ಪದರ ಸೂಟಿನ ಬಟ್ಟೆಗೂ ಹಬ್ಬಿ, ಮುಂದೆ ಅಲ್ಲಿ ಏನನ್ನು ಅಂಟಿಸಲು ಹೋದರೂ ಕಿತ್ತುಬರುತ್ತದೆ. ಲೇಟೆಕ್ಸಿಗೆ ಸುವಾಸನೆಯಿಲ್ಲದ ಶುದ್ಧ ಟಾಲ್ಕ್ ಪುಡಿ, ಸಿಲಿಕೋನಿಗೆ ತೆಳುವಾದ ಸಾಬೂನು ನೀರು ಸಾಕು.

ಹಳೆಯ ನಿಯೋಪ್ರೀನ್

ಎಲ್ಲರೂ ಲೇಟೆಕ್ಸ್ ಮತ್ತು ಸಿಲಿಕೋನಿನ ಮಾತನ್ನೇ ಆಡುತ್ತಿರುವುದರಿಂದ ನಿಯೋಪ್ರೀನ್ ಪರವಾಗಿ ನಾನೊಬ್ಬ ಬರೆಯಬೇಕಾಗಿದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಒಂದೇ ನಿಯೋಪ್ರೀನ್ ಕತ್ತಿನ ಸೀಲಿನಲ್ಲಿ ಒಂಬತ್ತು ವರ್ಷ ಕಳೆದಿದ್ದೇನೆ. ಅದು ಬೆಚ್ಚಗಿರುತ್ತದೆ, ಉಗುರಿಗೆ ಹೆದರುವುದಿಲ್ಲ, ಹರಿಯುವ ಮೊದಲು ತಿಂಗಳುಗಟ್ಟಲೆ ಮುನ್ಸೂಚನೆ ಕೊಡುತ್ತದೆ. ಒಳಕ್ಕೆ ಮಡಚಿಕೊಳ್ಳುವ ರೂಢಿ ಆಗಬೇಕು, ಅಷ್ಟೆ. ಸ್ವಲ್ಪ ಜಿನುಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಹತ್ತು-ಹನ್ನೆರಡು ಡಿಗ್ರಿಯ ನೀರಿನಲ್ಲಿ ಅದನ್ನು ಸಹಿಸಬಹುದು. ನಾಲ್ಕು ಡಿಗ್ರಿಯಲ್ಲಿ ಒಂದು ಗಂಟೆ ಕಳೆಯುವವರಿಗೆ ನಾನು ಇದನ್ನು ಒತ್ತಾಯಿಸುವುದಿಲ್ಲ.

ಶುಶ್ರೂಷೆ ಮತ್ತು ಸಮುದ್ರ

ನಾನು ವೈದ್ಯೆ. ಸೀಲಿನ ಅಳತೆಯ ಬಗ್ಗೆ ಈವರೆಗೆ ಯಾರೂ ಹೇಳದ ಒಂದು ಅಂಶವನ್ನು ಸೇರಿಸುತ್ತೇನೆ, ಏಕೆಂದರೆ ಹೊಸ ಸೀಲು ಹಾಕಿಸಿಕೊಳ್ಳುವವರು ನೀರು ಬರಬಾರದೆಂಬ ಆತಂಕದಲ್ಲಿ ಅದನ್ನು ಕತ್ತರಿಸದೆ ಬಿಗಿಯಾಗಿಯೇ ಬಿಟ್ಟುಕೊಳ್ಳುವುದುಂಟು.

ಕತ್ತಿನ ಎರಡೂ ಬದಿಗಳಲ್ಲಿ, ಮಿದುಳಿಗೆ ರಕ್ತ ಒಯ್ಯುವ ಕೆರಾಟಿಡ್ ಧಮನಿ ಕವಲೊಡೆಯುವ ಜಾಗದಲ್ಲಿ, ರಕ್ತದೊತ್ತಡವನ್ನು ಅಳೆಯುವ ನರತಂತುಗಳಿವೆ. ಬಿಗಿಯಾದ ಸೀಲು ಅಲ್ಲಿ ಒತ್ತಿದಾಗ ಒತ್ತಡ ಏರಿದೆಯೆಂದು ದೇಹ ತಪ್ಪಾಗಿ ತಿಳಿದು ಹೃದಯದ ಬಡಿತವನ್ನು ತಗ್ಗಿಸುತ್ತದೆ. ತಲೆ ಹಗುರಾಗುವುದು, ಕಣ್ಣು ಕತ್ತಲಿಡುವುದು, ಕೆಲವರಲ್ಲಿ ಪ್ರಜ್ಞೆ ತಪ್ಪುವುದು ಇದರಿಂದಲೇ. ಸೂಟು ಧರಿಸಿ ದಡದ ಮೇಲೆ ಐದು ನಿಮಿಷ ನಿಂತಾಗಲೇ ಮುಖ ತುಂಬಿದಂತೆ ಅಥವಾ ತಲೆ ಸುತ್ತಿದಂತೆ ಅನ್ನಿಸಿದರೆ ನೀರಿಗೆ ಇಳಿಯಲೇಬೇಡಿ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆಂದು ಕಾಯುವ ವಿಷಯ ಇದಲ್ಲ.

ಅಲರ್ಜಿಯ ಕುರಿತೂ ಒಂದು ಮಾತು. ಸಹಜ ಲೇಟೆಕ್ಸಿನಲ್ಲಿರುವ ಪ್ರೋಟೀನುಗಳಿಗೆ ಕೆಲವರ ದೇಹ ತೀವ್ರವಾಗಿ ಪ್ರತಿಕ್ರಿಯಿಸುತ್ತದೆ. ಬಲೂನು ಊದಿದಾಗ ತುಟಿ ಊದಿಕೊಂಡ ಅನುಭವವಿರುವವರು ಲೇಟೆಕ್ಸ್ ಸೀಲಿನ ಹತ್ತಿರ ಹೋಗದೆ ಸಿಲಿಕೋನನ್ನೇ ಆರಿಸಬೇಕು. ನಿಯೋಪ್ರೀನಿನಲ್ಲಿ ಆ ಪ್ರೋಟೀನುಗಳಿಲ್ಲದಿದ್ದರೂ ತಯಾರಿಕೆಯಲ್ಲಿ ಬಳಸುವ ಥಯೋಯೂರಿಯಾ ಬಗೆಯ ರಾಸಾಯನಿಕಗಳಿಂದ ಕೆಲವರಿಗೆ ಚರ್ಮದಲ್ಲಿ ತುರಿಕಜ್ಜಿ ಏಳುತ್ತದೆ.

ನೇತ್ರಾಣಿಯಿಂದ ಹೊರಟವ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರ್ ಅವರೇ, ನೀವು ಹೇಳಿದ ಲಕ್ಷಣ ಕಳೆದ ವರ್ಷ ನನಗೇ ಆಗಿತ್ತು. ನಾನದನ್ನು ಹಸಿವೆಂದು ಭಾವಿಸಿದ್ದೆ. ಈ ಸಲ ಎಚ್ಚರ ವಹಿಸುತ್ತೇನೆ.

ಒಣ ಕೈಗವಸನ್ನೇ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ. ನನ್ನ ಮಣಿಕಟ್ಟು ತೆಳ್ಳಗಿದ್ದು, ಹಗ್ಗ ಹಿಡಿದು ಮುಷ್ಟಿ ಬಿಗಿದಾಗ ಸ್ನಾಯುರಜ್ಜುಗಳ ನಡುವೆ ತೋಡು ಬಿದ್ದು ನೀರು ಒಳಗೆ ಬರುತ್ತದೆ. ಈಗ ಎರಡು ಅನುಮಾನಗಳಿವೆ. ಒಣ ಕೈಗವಸು ಇದ್ದರೆ ಒಳಗಿನ ಮಣಿಕಟ್ಟಿನ ಸೀಲನ್ನು ತೆಗೆದುಬಿಡಬಹುದೇ? ಸಿಲಿಕೋನ್ ಸೀಲನ್ನು ಕತ್ತರಿಸುವುದು ಹೇಗೆ? ಹೊಸ ಸೀಲಿಗೆ ಕತ್ತರಿ ಹಾಕಲು ಕೈ ನಡುಗುತ್ತದೆ.

ಟೊಬರ್‌ಮರಿ ದಾರಿ

ಸೀಲನ್ನು ತೆಗೆಯಬೇಡಿ. ತೆಗೆದವರು ಅನೇಕರಿದ್ದಾರೆ, ಅವರ ವಾದವೂ ನನಗೆ ಗೊತ್ತು: ಸೀಲಿಲ್ಲದಿದ್ದರೆ ಸೂಟಿನ ಗಾಳಿ ಸರಾಗವಾಗಿ ಕೈಗವಸಿಗೆ ಹೋಗುತ್ತದೆ, ಬೆರಳು ಬೆಚ್ಚಗಿರುತ್ತದೆ. ಆದರೆ ಹಡಗಿನ ತುಕ್ಕುಹಿಡಿದ ಕಬ್ಬಿಣಕ್ಕೆ ತಾಗಿ ಕೈಗವಸು ಹರಿದರೆ ನೀರು ತೋಳಿನ ಮೂಲಕ ನೇರವಾಗಿ ಎದೆಯವರೆಗೆ ಬರುತ್ತದೆ. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುವುದರಿಂದ ನಾಲ್ಕು ಡಿಗ್ರಿಯಲ್ಲಿ ಒದ್ದೆಯಾದ ಒಳಉಡುಪು ಬಹುಬೇಗ ನಿಷ್ಪ್ರಯೋಜಕವಾಗುತ್ತದೆ. ಅಷ್ಟರಲ್ಲಿ ಡಿಕಂಪ್ರೆಷನ್ ನಿಲುಗಡೆ (ಮೇಲೇರುವಾಗ ನೀರಿನಲ್ಲೇ ನಿಂತು ಕಾಯಬೇಕಾದ ಹೊತ್ತು) ಬಾಕಿಯಿದ್ದರೆ ಏನು ಮಾಡುತ್ತೀರಿ? ಒಳಗೆ ಸೀಲಿದ್ದರೆ ಒಂದು ಕೈ ಮಾತ್ರ ಒದ್ದೆಯಾಗುತ್ತದೆ, ಡೈವನ್ನು ಸಮಾಧಾನವಾಗಿ ಮುಗಿಸಬಹುದು.

ಸೀಲಿದ್ದಾಗ ಕೈಗವಸಿಗೆ ಗಾಳಿ ಹೋಗುವ ದಾರಿಯೊಂದನ್ನು ಮಾಡಿಕೊಡಬೇಕು. ಇಲ್ಲದಿದ್ದರೆ ಆಳಕ್ಕೆ ಹೋದಂತೆ ಕೈಗವಸು ಹಿಂಡಿ ಬೆರಳು ಮರಗಟ್ಟುತ್ತವೆ. ಸೀಲಿನ ಅಡಿಯಲ್ಲಿ ತೆಳುವಾದ ಸಿಲಿಕೋನ್ ನಳಿಕೆಯ ತುಂಡನ್ನೋ ಸಣ್ಣ ದಾರವನ್ನೋ ತೂರಿಸಿಡುವುದು ರೂಢಿ. ಕೈಗವಸಿಗೆ ನೀರು ನುಗ್ಗಿದರೆ ಅದೇ ದಾರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೋಳಿಗೂ ಬರುತ್ತದೆ, ನಿಜ. ಹಾಗಿದ್ದರೂ ಸೀಲೇ ಇಲ್ಲದ ತೋಳಿಗೂ ಅದಕ್ಕೂ ಹೋಲಿಕೆಯಿಲ್ಲ.

ರಿಂಗನ್ನು ಅಂತಿಮಗೊಳಿಸುವ ಮೊದಲು ಅದನ್ನು ಕೈಗೆ ತೊಟ್ಟು, ಬೆನ್ನ ಹಿಂದಿನ ಸಿಲಿಂಡರ್ ವಾಲ್ವಿಗೆ ಕೈ ತಲುಪುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಗಟ್ಟಿ ರಿಂಗ್ ಮಣಿಕಟ್ಟಿನ ಬಾಗುವಿಕೆಯನ್ನು ಸ್ವಲ್ಪ ಕಸಿಯುತ್ತದೆ. ನಿಮ್ಮಂತೆ ತೆಳ್ಳಗಿನ ಕೈಯವರಿಗೆ ದುಂಡಗಿನದಕ್ಕಿಂತ ಅಂಡಾಕಾರದ ರಿಂಗ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅನುಭವ.

ಸುಳ್ಯದ ರಬ್ಬರ್ ತೋಟ

ಕತ್ತರಿಸುವ ವಿಷಯಕ್ಕೆ ಬರುತ್ತೇನೆ. ಲೇಟೆಕ್ಸ್ ಸೀಲನ್ನು ಅಡುಗೆ ಪಾತ್ರೆಯ ಮೇಲೆ ಒಂದು ರಾತ್ರಿ ಎಳೆದಿಟ್ಟು ಸಡಿಲಿಸಿಕೊಳ್ಳುವವರಿದ್ದಾರೆ. ಸಿಲಿಕೋನ್ ಹಾಗೆ ಸಡಿಲಗೊಳ್ಳುವುದು ಕಡಿಮೆ. ಅದನ್ನು ಕತ್ತರಿಸಿಯೇ ಅಳತೆಗೆ ತರಬೇಕು. ಸೀಲಿನ ಮೇಲೆ ಅಚ್ಚಾಗಿರುವ ಗೆರೆಗಳಲ್ಲಿ ಒಂದು ಸಲಕ್ಕೆ ಒಂದನ್ನೇ ತೆಗೆಯಿರಿ. ಹರಿತವಾದ ಉದ್ದ ಕತ್ತರಿ ಹಿಡಿದು, ಬಾಯಿಯನ್ನು ಪೂರ್ತಿ ಮುಚ್ಚದೆ, ತಳ್ಳುತ್ತ ಸಾಗಿದರೆ ಅಂಚು ನುಣುಪಾಗಿ ಬರುತ್ತದೆ. ಕಚಕಚನೆ ಕತ್ತರಿಸಿದರೆ ಪ್ರತಿ ಕಚ್ಚೂ ಮುಂದಿನ ಸೀಳಿನ ಬೀಜ. ಒಂದು ಗೆರೆ ತೆಗೆದ ಮೇಲೆ ತೊಟ್ಟು, ಹತ್ತು ನಿಮಿಷ ಓಡಾಡಿ, ತಲೆಯನ್ನು ಎರಡೂ ಕಡೆಗೆ ತಿರುಗಿಸಿ ನೋಡಿ. ಆಮೇಲೆ ಮುಂದಿನ ಗೆರೆ.

ಅತಿಯಾಗಿ ಕತ್ತರಿಸಿದರೂ ಕೆಡುಕೇ. ಸೂಟಿನ ಗಾಳಿ ಸದಾ ಎತ್ತರದ ಜಾಗಕ್ಕೆ ಸೇರುತ್ತದೆ. ನೆಟ್ಟಗೆ ನಿಂತಾಗ ಆ ಜಾಗ ಕತ್ತು. ಸೀಲು ಸಡಿಲವಾಗಿದ್ದರೆ ಗುಳುಗುಳು ಎಂದು ಗಾಳಿ ಹೊರಟು, ಅದರ ಹಿಂದೆಯೇ ನೀರು ಒಳಬರುತ್ತದೆ. ಮೇಲಕ್ಕೆ ಕತ್ತೆತ್ತಿ ನೋಡುವಾಗ ಇದು ಇನ್ನೂ ಸುಲಭ.

ಸಿಲ್ಫ್ರಾ ಪಯಣಿಗ

ಐಸ್‌ಲ್ಯಾಂಡಿನ ಥಿಂಗ್‌ವೆಟ್ಲಿರ್ ರಾಷ್ಟ್ರೀಯ ಉದ್ಯಾನದ ಸಿಲ್ಫ್ರಾ ಬಿರುಕಿನಲ್ಲಿ, ವರ್ಷವಿಡೀ ಎರಡರಿಂದ ನಾಲ್ಕು ಡಿಗ್ರಿಯಲ್ಲಿರುವ ನೀರಿನಲ್ಲಿ, ನನ್ನ ಸಿಲಿಕೋನ್ ಸೀಲೊಂದು ದಡದಲ್ಲೇ ಹರಿಯಿತು. ಅದರ ಸೂಕ್ಷ್ಮತೆಯ ಬಗ್ಗೆ ಮೇಲೆ ಬರೆದದ್ದು ಪೂರ್ತಿ ಸತ್ಯ. ನನ್ನ ಬಳಿ ಬದಲಿ ಸೀಲಿತ್ತು. ಆದರೂ ಮರಗಟ್ಟಿದ ಬೆರಳುಗಳಿಂದ ಒಳ ರಿಂಗನ್ನು ಬಿಡಿಸಲಾಗದೆ ಮುಕ್ಕಾಲು ಗಂಟೆ ಒದ್ದಾಡಿದೆ, ಏಕೆಂದರೆ ಮನೆಯಲ್ಲಿ ಒಮ್ಮೆಯೂ ಅದನ್ನು ಬಿಡಿಸಿ ನೋಡಿರಲಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಮೂರ್ನಾಲ್ಕು ಸಲ ಬದಲಿಸಿ ಕೈ ಪಳಗಿಸಿಕೊಳ್ಳಿ. ಬದಲಿ ಸೀಲನ್ನು ಮೊದಲೇ ಅಳತೆಗೆ ಕತ್ತರಿಸಿ, ಒಮ್ಮೆ ಧರಿಸಿ ನೋಡಿ, ಆಮೇಲೆ ಗಟ್ಟಿ ಡಬ್ಬಿಯಲ್ಲಿಡಿ. ಕತ್ತರಿಸದ ಸೀಲು ಚೀಲದಲ್ಲಿದ್ದರೂ ದಡದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನೇತ್ರಾಣಿಯಿಂದ ಹೊರಟವ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಕತ್ತಿಗೆ ಕ್ವಿಕ್ ನೆಕ್ ರಿಂಗ್, ಅದರಲ್ಲಿ ಸಿಲಿಕೋನ್ ಸೀಲು. ಮಣಿಕಟ್ಟಿಗೆ ಒಣ ಕೈಗವಸಿಗೆ ಹೊಂದುವ ಅಂಡಾಕಾರದ ರಿಂಗ್, ಒಳಗೆ ಸಿಲಿಕೋನ್ ಸೀಲು ಹಾಕಿಸಿದೆ. ಕತ್ತಿನ ಸೀಲಿನಲ್ಲಿ ನಾಲ್ಕು ಗೆರೆ ತೆಗೆದೆ. ನಾಲ್ಕನೆಯದನ್ನು ತೆಗೆದ ಮೇಲೆ ತಲೆ ಹಗುರಾಗುವುದು ಪೂರ್ತಿ ನಿಂತಿತು.

ನೀರಿಗಿಳಿಯುವ ಮೊದಲು ಮನೆಯಲ್ಲಿ ಮಣಿಕಟ್ಟುಗಳಿಗೆ ಪ್ಲಾಸ್ಟಿಕ್ ಬಾಟಲಿಗಳನ್ನೂ ಕತ್ತಿಗೆ ಮಕ್ಕಳ ಚೆಂಡನ್ನೂ ತೂರಿಸಿ, ಸೂಟಿಗೆ ಗಾಳಿ ತುಂಬಿ, ರಿಂಗುಗಳ ಸುತ್ತ ಸಾಬೂನು ನೀರು ಹಚ್ಚಿ ನೋಡಿದೆ. ಎಡ ಮಣಿಕಟ್ಟಿನಲ್ಲಿ ಒಂದು ಕಡೆ ಗುಳ್ಳೆಗಳು ಬಂದವು. ರಿಂಗ್ ಬಿಡಿಸಿ ನೋಡಿದರೆ ಒಳಉಡುಪಿನ ಉಣ್ಣೆಯ ಒಂದೇ ಒಂದು ಎಳೆ ಸೀಲಿನ ಅಂಚಿನ ಕೆಳಗೆ ಸಿಕ್ಕಿಕೊಂಡಿತ್ತು. ಒರೆಸಿ ಮತ್ತೆ ಕೂರಿಸಿದಾಗ ಗುಳ್ಳೆ ನಿಂತಿತು.

ಕಳೆದ ಭಾನುವಾರ ಸ್ಟೋನಿ ಕೋವ್‌ನಲ್ಲಿ ಆರು ಡಿಗ್ರಿಯ ನೀರಿನಲ್ಲಿ ನಲವತ್ತೆಂಟು ನಿಮಿಷ ಇದ್ದೆ. ಒಳಉಡುಪಿನ ತೋಳು ಒಣಗಿಯೇ ಇತ್ತು. ಎಡ ವಾಲ್ವಿಗೆ ಕೈ ಸರಾಗವಾಗಿ ತಲುಪಿತು. ಬಲಗಡೆಯದಕ್ಕೆ ಮಾತ್ರ ಭುಜವನ್ನು ಸ್ವಲ್ಪ ಹೆಚ್ಚು ತಿರುಗಿಸಬೇಕಾಗುತ್ತಿದೆ. ಅದರ ಅಭ್ಯಾಸ ಇನ್ನೂ ಸಾಗಿದೆ. ಬೆಚ್ಚಗಿನ ಕೈಯಲ್ಲಿ ಕತ್ತಿನ ಸೀಲು ಬದಲಿಸಲು ಈಗ ನನಗೆ ಎಂಟು ನಿಮಿಷ ಹಿಡಿಯುತ್ತದೆ. ಮುಂದಿನ ವಾರ ಬೆರಳುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿಟ್ಟು ಮತ್ತೆ ಪ್ರಯತ್ನಿಸುತ್ತೇನೆ. ಮೇ ತಿಂಗಳಿಗೆ ಒರ್ಕ್ನಿಯ ದೋಣಿಯಲ್ಲಿ ಜಾಗ ಕಾಯ್ದಿರಿಸಿದ್ದೇನೆ. ಅಳತೆಗೆ ಕತ್ತರಿಸಿದ ಎರಡು ಬದಲಿ ಸೀಲುಗಳು ಡಬ್ಬಿಯಲ್ಲಿವೆ.

ಟೊಬರ್‌ಮರಿ ದಾರಿ

ಬಹಳ ಸಂತೋಷವಾಯಿತು. ಕತ್ತಿನದರ ಜೊತೆಗೆ ಮಣಿಕಟ್ಟಿನ ಬದಲಿ ಸೀಲೊಂದನ್ನೂ ಆ ಡಬ್ಬಿಗೆ ಸೇರಿಸಿಕೊಳ್ಳಿ.